ನ್ಯೂ ಆರ್ಲಿಯನ್ಸ್‌ಗೆ ಹೋಗುತ್ತಿದ್ದೇವೆ: ಮನೆ ಕೊಳ್ಳಬೇಕಾ, ಬಾಡಿಗೆ ಸಾಕಾ? ಅನುಭವ ಹೇಳಿ

ಆಸ್ಟಿನ್ ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ಹೆಂಡತಿಗೆ ನ್ಯೂ ಆರ್ಲಿಯನ್ಸ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಜುಲೈನಲ್ಲಿ ಹೊರಡಬೇಕು. ಜೆಂಟಿಲಿ ಕಡೆ ಒಂದು ಮನೆ ಹಿಡಿಸಿದೆ. ಆದರೆ 2005ರ ಕ್ಯಾಟ್ರಿನಾ ಚಂಡಮಾರುತದಲ್ಲಿ ನದಿ ಉಕ್ಕಿ ಆ ಬೀದಿ ಪೂರ್ತಿ ಮುಳುಗಿತ್ತಂತೆ. ಕೊಳ್ಳುವುದಾ, ಬಾಡಿಗೆಗೆ ಇರುವುದಾ? ಮಗಳು ಪಿಟೀಲು ಕಲಿಯುತ್ತಿದ್ದಾಳೆ, ಪಾಠ ಹೇಳುವವರು ಸಿಗುತ್ತಾರಾ? ಅಲ್ಲಿದ್ದವರು ದಯವಿಟ್ಟು ತಿಳಿಸಿ.

ಈಗ ಹ್ಯೂಸ್ಟನ್

ಕೊಳ್ಳಬೇಡಿ. ಲೇಕ್‌ವ್ಯೂನಲ್ಲಿ ಸ್ವಂತ ಮನೆ ಇದ್ದವನು ಹೇಳುತ್ತಿದ್ದೇನೆ. 2021ರ ಆಗಸ್ಟ್ 29, ಐಡಾ ಚಂಡಮಾರುತ. ನೀರು ಬರಲಿಲ್ಲ, ನಿಜ. ಕ್ಯಾಟ್ರಿನಾ ಆದಮೇಲೆ 1,450 ಕೋಟಿ ಡಾಲರ್ ಸುರಿದು ಕಟ್ಟಿದ ಗೋಡೆ, ಗೇಟು ಎಲ್ಲ ನಿಂತವು. ಗಾಳಿಗೆ ಯಾವ ಗೇಟು? ಚಾವಣಿಯ ಹಿಂಭಾಗದ ಶಿಂಗಲ್ಸ್ ಎದ್ದು ಹೋದವು. ಮಳೆನೀರು ಅಟ್ಟಕ್ಕೆ ಇಳಿದು, ಮಲಗುವ ಕೋಣೆಯ ಸೀಲಿಂಗ್ ಹೊಟ್ಟೆ ಬಿಟ್ಟುಕೊಂಡು ಒಡೆಯಿತು. ಚಾವಣಿಗೆ 11,900. ಸೀಲಿಂಗ್ ಹಾಕಿಸಿ ಬೂಸ್ಟು ತೆಗೆಸಿದ್ದು 3,650. ಬೇಲಿ 850. ಒಟ್ಟು 16,400 ಡಾಲರ್. ಮನೆ ಇನ್ಶೂರ್ ಆಗಿದ್ದದ್ದು 3,40,000ಕ್ಕೆ, ಚಂಡಮಾರುತದ ಡಿಡಕ್ಟಿಬಲ್ (ಮೊದಲು ನಾವೇ ಭರಿಸಬೇಕಾದ ಪಾಲು) ಶೇ. 5. ಅಂದರೆ 17,000. ಲೆಕ್ಕ ನೀವೇ ಹಾಕಿ. ಬಿಡಿಗಾಸು ಬರಲಿಲ್ಲ. ನಷ್ಟ ನೋಡಲು ಇನ್ಶೂರೆನ್ಸ್‌ನವರು ಕಳಿಸಿದ ಅಡ್ಜಸ್ಟರ್ ಏಣಿ ಕೂಡ ಹತ್ತದೆ, ಕೆಳಗಿನಿಂದಲೇ ಫೋಟೊ ಹೊಡೆದುಕೊಂಡು ಹೋದ. ಆಮೇಲೆ ಆ ಕಂಪನಿಯೇ ದಿವಾಳಿ ಎದ್ದಿತು. ಬೇರೆ ಕಂಪನಿಯವರು 2,350 ಇದ್ದ ಪ್ರೀಮಿಯಂಗೆ 7,100 ಕೇಳಿದರು. ಇದರಲ್ಲಿ ಫ್ಲಡ್ ಪಾಲಿಸಿ ಸೇರಿಲ್ಲ.

ಕರೆಂಟಿನ ಕಥೆ ಇನ್ನೊಂದು. ಊರಿಗೆ ಬರುವ ಎಂಟು ದೊಡ್ಡ ಲೈನುಗಳೂ ಅವತ್ತೇ ಸತ್ತವು. ದಡದಲ್ಲಿದ್ದ ಟವರ್ ಕುಸಿದು ತಂತಿ ಮಿಸಿಸಿಪ್ಪಿಗೆ ಬಿತ್ತು. ನಾವು ವಾಪಸ್ ಬಂದು ಫ್ರಿಜ್ ತೆಗೆದರೆ ದೋಸೆ ಹಿಟ್ಟು ಡಬ್ಬದ ಮುಚ್ಚಳ ಎಬ್ಬಿಸಿಕೊಂಡು ಉಕ್ಕಿ, ಬಾಗಿಲಿನ ರಬ್ಬರ್ ತನಕ ಹರಿದು, ಹಸಿರು ತುಪ್ಪಳ ಬೆಳೆಸಿಕೊಂಡಿತ್ತು. ಟೇಪ್ ಸುತ್ತಿ ಫ್ರಿಜ್ಜನ್ನೇ ರಸ್ತೆಗಿಟ್ಟೆವು. ಹೊಸದಕ್ಕೆ 1,180.

ಟ್ರಂಪೆಟ್ ಅಮ್ಮ

ಜೆಂಟಿಲಿ ಅಂತ ನೋಡಿ ಬರೆಯುತ್ತಿದ್ದೇನೆ. ನಾವು ಅಲ್ಲೇ ಇದ್ದೇವೆ, ಎಲ್ಲಿಗೂ ಓಡಿಹೋಗಿಲ್ಲ. ನಮ್ಮ ಮನೆ ಕಂಬಗಳ ಮೇಲೆ, ನೆಲದಿಂದ ಮೂರು ಅಡಿ ಎತ್ತರದಲ್ಲಿದೆ. ಮನೆ ಎಷ್ಟು ಎತ್ತರದಲ್ಲಿದೆ ಅಂತ ತೋರಿಸುವ ಎಲಿವೇಶನ್ ಸರ್ಟಿಫಿಕೇಟ್‌ಗೆ 600 ಕೊಟ್ಟೆವು, ಫ್ಲಡ್ ಪ್ರೀಮಿಯಂ ವರ್ಷಕ್ಕೆ 980 ಬರುತ್ತಿದೆ. ಐಡಾದಲ್ಲಿ ಹೋದದ್ದು ಒಂದು ಪೆಕಾನ್ ಮರ. ಕಡಿಸಿದ್ದಕ್ಕೆ 2,200, ಬುಡ ಕೀಳಿಸಲು ಮತ್ತೆ 400. ಹೋಗಲಿ ಬಿಡಿ.

ಮಗ ಶಾಲೆಯ ಮಾರ್ಚಿಂಗ್ ಬ್ಯಾಂಡಿನಲ್ಲಿದ್ದಾನೆ. ಮೊದಲು ಬಾಡಿಗೆ ಟ್ರಂಪೆಟ್, ತಿಂಗಳಿಗೆ 38. ಆಮೇಲೆ ಸೆಕೆಂಡ್ ಹ್ಯಾಂಡ್ 740ಕ್ಕೆ ಸಿಕ್ಕಿತು. ಮಾರ್ಡಿ ಗ್ರಾ ಹಬ್ಬ ಬಂದರೆ ಸೇಂಟ್ ಚಾರ್ಲ್ಸ್ ಅವೆನ್ಯೂದಲ್ಲಿ ಮೈಲಿಗಟ್ಟಲೆ ಊದಿಕೊಂಡು ನಡೆದು, ತುಟಿ ಬಾತುಕೊಂಡು ಬರುತ್ತಾನೆ. ಬಿಳಿ ಗ್ಲೌಸಿನ ಮೂರು ಬೆರಳಿಗೆ ವಾಲ್ವ್ ಎಣ್ಣೆಯ ಕಲೆ. ಏನು ಹಾಕಿ ತಿಕ್ಕಿದರೂ ಹೋಗುವುದಿಲ್ಲ.

ನಮ್ಮತ್ತೆ ಊರಿಂದ ಬಂದಿದ್ದಾಗ ಟ್ರೆಮೆ ಬಡಾವಣೆಯಲ್ಲಿ ಒಂದು ಸಾವಿನ ಮೆರವಣಿಗೆ ಕಂಡಿತು. ಹೋಗುವಾಗ ಬ್ಯಾಂಡಿನವರು ನಿಧಾನಕ್ಕೆ ದೇವರ ಹಾಡು ನುಡಿಸುತ್ತಾರೆ. ಹೆಣ ಬೀಳ್ಕೊಟ್ಟ ಮೇಲೆ ಡ್ರಮ್ ಜೋರಾಗುತ್ತದೆ, ಹಿಂದೆ ಬಂದವರೆಲ್ಲ ಛತ್ರಿ, ಕರ್ಚೀಫು ಬೀಸಿಕೊಂಡು ಕುಣಿಯುತ್ತಾರೆ. ಸೆಕೆಂಡ್ ಲೈನ್ ಅನ್ನುವುದು ಅದಕ್ಕೇ. ಅತ್ತೆ ನೋಡಿ, “ನಮ್ಮೂರಲ್ಲೂ ಹೆಣದ ಮುಂದೆ ತಮಟೆ ಬಡೀತಾರಲ್ಲ, ಹಂಗೇ ಕಣೇ” ಅಂದುಬಿಟ್ಟರು. ಇಂಥ ಊರನ್ನು ಇನ್ಶೂರೆನ್ಸ್ ಬಿಲ್ ಹಿಡಿದುಕೊಂಡು ಅಳೆಯಬೇಡಿ. ಮಗಳಿಗೆ ಪಿಟೀಲಿನ ಬದಲು ಹಿತ್ತಾಳೆ ವಾದ್ಯ ಕೊಡಿಸಿ.

ಪಂಪ್‌ಹೌಸ್

ಕೇಳಿದವರಿಗೆ ಒಂದು ತಿದ್ದುಪಡಿ. 2005ರಲ್ಲಿ ನದಿ ಉಕ್ಕಲಿಲ್ಲ. ಎಲ್ಲರೂ ಇದೇ ತಪ್ಪು ಹೇಳುತ್ತಾರೆ, ಕೇಳಿ ಕೇಳಿ ಸಾಕಾಗಿದೆ. ಚಂಡಮಾರುತ ಸಮುದ್ರದ ನೀರನ್ನು ತಳ್ಳಿತು, ಪಾಂಚರ್ಟ್ರೈನ್ ಸರೋವರ ಏರಿತು. ಮಳೆನೀರು ಹೊರಹಾಕಲು ತೋಡಿದ ಕಾಲುವೆಗಳ ಒಳಗೇ ಆ ನೀರು ನುಗ್ಗಿ ಗೋಡೆಗಳು ಒಡೆದವು. ಲೇಕ್‌ವ್ಯೂ ಮುಳುಗಿದ್ದು 17ನೇ ಸ್ಟ್ರೀಟ್ ಕಾಲುವೆಯಿಂದ, ಜೆಂಟಿಲಿ ಮುಳುಗಿದ್ದು ಲಂಡನ್ ಅವೆನ್ಯೂ ಕಾಲುವೆಯಿಂದ. ಊರಿನ ಸುಮಾರು ಶೇ. 80 ಭಾಗ ನೀರಿನಲ್ಲಿತ್ತು. ನದಿ ಪಕ್ಕದ ಫ್ರೆಂಚ್ ಕ್ವಾರ್ಟರ್, ಅಪ್‌ಟೌನಿನ ದಡದ ಭಾಗ ಉಳಿದುಕೊಂಡವು. ನದಿ ತಂದು ಹಾಕಿದ ಮಣ್ಣಿನಿಂದ ಅಲ್ಲಿ ನೆಲ ಎತ್ತರ. ಕೊಳ್ಳುವುದಾದರೆ ನದಿ ಹತ್ತಿರ ಕೊಳ್ಳಿ.

ಚಂಡಮಾರುತವೇ ಬೇಕಿಲ್ಲ, ಸಾದಾ ಮಳೆ ಸಾಕು. 2017ರ ಆಗಸ್ಟ್ 5ರಂದು ಊರಿನ ಮಳೆನೀರು ಹೊರಹಾಕುವ ಪಂಪುಗಳಲ್ಲಿ ಹಲವು ಕೆಟ್ಟು ಕೂತಿದ್ದವು. ಹಳೆ ಪಂಪುಗಳು ಈಗಿನ 60 ಸೈಕಲ್ (ಹರ್ಟ್ಸ್) ಕರೆಂಟಿಗೆ ಓಡುವುದಿಲ್ಲ. ಅವಕ್ಕೆ ನೂರು ವರ್ಷದ ಹಿಂದಿನ 25 ಸೈಕಲ್ ಕರೆಂಟೇ ಬೇಕು. ನನ್ನ ಕಾರು ಮಿಡ್‌ಸಿಟಿಯಲ್ಲಿ ಸೀಟಿನ ಮಟ್ಟಕ್ಕೆ ಮುಳುಗಿತು. 11,600 ಬೆಲೆ ಕಟ್ಟಿದರು, ಸಾಲ 13,050 ಬಾಕಿ ಇತ್ತು. ಇಲ್ಲದ ಕಾರಿಗೆ 1,450 ಕೈಯಿಂದ ಕಟ್ಟಿದೆ. ಮಳೆ ಎಚ್ಚರಿಕೆ ಬಂದರೆ ಕಾರನ್ನು ನ್ಯೂಟ್ರಲ್ ಗ್ರೌಂಡ್ ಮೇಲೆ ಹತ್ತಿಸಿ, ರಸ್ತೆ ಮಧ್ಯದ ಆ ಹುಲ್ಲಿನ ಪಟ್ಟಿ ಇದೆಯಲ್ಲ, ಅದು.

ಮತ್ತೆ ಮಾರ್ಡಿ ಗ್ರಾ ಅಂತ ಕುಣಿಯುವವರಿಗೆ: ಸೇಂಟ್ ಚಾರ್ಲ್ಸ್‌ನ ಐದೇ ಬ್ಲಾಕುಗಳ ಮೋರಿಗಳಿಂದ ಮೆರವಣಿಗೆಯಲ್ಲಿ ಎಸೆದ 46 ಟನ್ ಮಣಿಸರ ತೆಗೆದರು ಅಂತ 2018ರಲ್ಲಿ ನಗರದವರೇ ಹೇಳಿದ್ದಾರೆ.

ಟ್ರಂಪೆಟ್ ಅಮ್ಮ

ಪಂಪು ಕೆಟ್ಟಿದ್ದಕ್ಕೂ ಹಬ್ಬದ ಮೇಲೆ ಗೂಬೆ ಕೂರಿಸುತ್ತೀರಾ? ಮೆರವಣಿಗೆ ದಿನ ಮೋರಿ ಬಾಯಿಗೆ ಈಗ ತಡೆ ಇಡುತ್ತಾರೆ. ನೀವು ಕೊನೇ ಸಲ ಮೆರವಣಿಗೆ ನೋಡಿದ್ದು ಯಾವಾಗ? ಅಪ್‌ಟೌನ್ ದಡದಲ್ಲಿ ಮನೆ ಬೆಲೆ ಎಷ್ಟು ಅಂತಲೂ ಹೇಳಿಬಿಡಿ, ಅವರಿಗೆ ಅನುಕೂಲ ಆಗುತ್ತದೆ.

ಈಗ ಹ್ಯೂಸ್ಟನ್

“ಓಡಿಹೋಗಿಲ್ಲ” ಅಂದದ್ದು ನನಗೇ ಅಂತ ಗೊತ್ತಾಯಿತು ಮೇಡಂ. ಮೂರು ತಿಂಗಳ ಕೂಸು, ಎಸಿ ಇಲ್ಲ, ಆಗಸ್ಟ್ ತಿಂಗಳು. ಜನರೇಟರ್‌ಗೆ ಪೆಟ್ರೋಲ್ ಬಂಕಿನಲ್ಲಿ ಮೈಲಿ ಉದ್ದದ ಸಾಲು. ಆ ಸಾಲಿನಲ್ಲಿ ನಿಮ್ಮ ಬ್ಯಾಂಡು ಬಂದು ಊದಲಿಲ್ಲ. ಸಂಗೀತ, ಸಂಸ್ಕೃತಿ ಅನ್ನುತ್ತೀರಿ. ಕ್ಯಾಟ್ರಿನಾದಲ್ಲಿ ಹೆಸರಾಂತ ಹಾಡುಗಾರ ಫ್ಯಾಟ್ಸ್ ಡೊಮಿನೊ ಅವರನ್ನೇ ಲೋಯರ್ ನೈನ್ತ್ ವಾರ್ಡಿನ ಮನೆಯಿಂದ ದೋಣಿಯಲ್ಲಿ ಹೊರತರಬೇಕಾಯಿತು. ಹೆಸರಿಲ್ಲದ ವಾದ್ಯಗಾರರು ಎಷ್ಟೋ ಜನ ವಾಪಸ್ ಬರಲೇ ಇಲ್ಲ.

ಟ್ರಂಪೆಟ್ ಅಮ್ಮ

ಬಂದವರೂ ಇದ್ದಾರೆ. ಅವರಿಗಾಗಿಯೇ ಅಪ್ಪರ್ ನೈನ್ತ್ ವಾರ್ಡಿನಲ್ಲಿ ಮ್ಯೂಸಿಶಿಯನ್ಸ್ ವಿಲೇಜ್ ಕಟ್ಟಿದರು. ಈ ಊರಿನ ಸಂಗೀತಗಾರರೇ ಆದ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್, ಹ್ಯಾರಿ ಕಾನಿಕ್ ಜೂನಿಯರ್ ಮುಂದೆ ನಿಂತು ಮಾಡಿಸಿದ್ದು. ಕೂಸಿನ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಬಿಟ್ಟು ಹೋದ ಊರನ್ನು ಹ್ಯೂಸ್ಟನ್‌ನಲ್ಲಿ ಕೂತು ಬಯ್ಯುವುದು ಯಾಕೆ? 2017ರ ಹಾರ್ವಿ ಚಂಡಮಾರುತದಲ್ಲಿ ಅದೇನು ಮುಳುಗಲಿಲ್ವಾ?

ಸರ್ಜಾಪುರ ರೋಡ್

2022ರ ಸೆಪ್ಟೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೂ ವಿಲ್ಲಾದವರು ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ಅಮೆರಿಕದಲ್ಲೂ ಇದೇ ಹಣೆಬರಹ ಅಂದಮೇಲೆ ಸುಮ್ನೆ ಊರಿಗೆ ಬಂದುಬಿಡಿ.

ಪಂಪ್‌ಹೌಸ್

ರೀ, ಅಲ್ಲಿ ರಾಜಕಾಲುವೆ ಒತ್ತುವರಿ, ಇಲ್ಲಿ ಸುಮಾರು ಅರ್ಧ ಊರಿನ ನೆಲವೇ ಸಮುದ್ರಮಟ್ಟಕ್ಕಿಂತ ಕೆಳಗೆ. ಎರಡನ್ನೂ ಕಲಸಬೇಡಿ. ಹಣೆಬರಹವೂ ಅಲ್ಲ. 1927ರ ಮಹಾಪ್ರವಾಹದಲ್ಲಿ ಊರಿನ ದೊಡ್ಡ ಮನುಷ್ಯರು ನಗರ ಉಳಿಸುತ್ತೇವೆ ಅಂತ ಕೆಳಗಿನ ಕಾರ್ನಾರ್ವನ್‌ನಲ್ಲಿ ನದಿಯ ಏರಿಗೆ ಡೈನಮೈಟ್ ಇಟ್ಟರು. ಸೇಂಟ್ ಬರ್ನಾರ್ಡ್ ಕಡೆಯ ಬಡವರ ಮನೆಗಳು ಹೋದವು. ಕೊಡುತ್ತೇವೆ ಅಂದ ಪರಿಹಾರವನ್ನೂ ಸರಿಯಾಗಿ ಕೊಡಲಿಲ್ಲ. ಯಾರನ್ನು ಮುಳುಗಿಸುವುದು ಅಂತ ಮನುಷ್ಯರೇ ಕೂತು ತೀರ್ಮಾನಿಸಿದ್ದು ಅದು.

ಆಲ್ಜಿಯರ್ಸ್ ಬಾಡಿಗೆದಾರ

ನದಿಯ ಆಚೆ ದಡದವನು ನಾನು. ತಿಂಗಳಿಗೆ 1,650 ಬಾಡಿಗೆ, ಫೆರ್ರಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ಕ್ಯಾಟ್ರಿನಾ ನೀರು ಇಲ್ಲಿಗೆ ಬಂದಿರಲಿಲ್ಲ. ನೀವೆಲ್ಲ ನೀರು, ಗಾಳಿ ಅಂತ ಕಿತ್ತಾಡುತ್ತಿದ್ದೀರಿ, ಗೆದ್ದಲು ಯಾರೂ ಹೇಳಲಿಲ್ಲ. ಮೇ ತಿಂಗಳ ಸಂಜೆ ಫಾರ್ಮೋಸಾ ಗೆದ್ದಲು ದೀಪದ ಸುತ್ತ ಮೋಡದ ಹಾಗೆ ಏಳುತ್ತವೆ. ಬೀದಿಯವರೆಲ್ಲ ದೀಪ ಆರಿಸಿ ಕತ್ತಲಲ್ಲಿ ಕೂರುತ್ತೇವೆ. ನಮ್ಮ ಓನರ್ 9,300 ಖರ್ಚು ಮಾಡಿ ಮೂರು ತೊಲೆ ಬದಲಾಯಿಸಿದರು. ಮನೆ ಪಾಲಿಸಿ ಗೆದ್ದಲಿಗೆ ಕೊಡುವುದಿಲ್ಲ. ಅವರು ಹಣ ಕಟ್ಟುವಾಗ ನಾನು ಹೊರಗೆ ಕೂತು ಚಿಕೋರಿ ಕಾಫಿ ಕುಡಿಯುತ್ತಿದ್ದೆ. ಅದೊಂದೇ ಊರಿನ ನೆನಪು ತರುವುದು.

ಪಂಪ್‌ಹೌಸ್

ಆ ಚಿಕೋರಿ ನೀರಿಗೆ ಕಾಫಿ ಅನ್ನಬೇಡಿ. ಚಿಕ್ಕಮಗಳೂರಿನವನು ನಾನು. ಅಂತರ್ಯುದ್ಧದಲ್ಲಿ ಬಂದರು ಮುಚ್ಚಿ ಕಾಫಿ ಸಿಗದಿದ್ದಾಗ ಇವರು ಚಿಕೋರಿ ಬೆರೆಸಿದರು. ಯುದ್ಧ ಮುಗಿದದ್ದು 1865ರಲ್ಲಿ. ಇನ್ನೂ ಬೆರೆಸುತ್ತಿದ್ದಾರೆ.

ಟ್ರಂಪೆಟ್ ಅಮ್ಮ

ಚಿಕ್ಕಮಗಳೂರಿನಿಂದ ಬರುವ ಪೊಟ್ಟಣ ತಿರುಗಿಸಿ ನೋಡಿ ಸಾರ್. ಹಿಂದುಗಡೆ ಚಿಕೋರಿ ಶೇ. 30 ಅಂತ ಬರೆದಿರುತ್ತದೆ.

ಪಂಪ್‌ಹೌಸ್

ನಮ್ಮ ಮನೆಗೆ ಪೊಟ್ಟಣ ಬರುವುದಿಲ್ಲ. ಬೀಜ ಬರುತ್ತದೆ.