ಕಿಟ್ ದೋಣಿಯ ಒಡಲು ತಿರುಚಿದೆ, ತಳದ ಜೋಡಣೆ ಬಾಯಿ ಬಿಟ್ಟಿದೆ – ಈಗ ಏನು ಮಾಡಲಿ?

ಹೊಸಹಾಯಿ:
ಎಲ್ಲರಿಗೂ ನಮಸ್ಕಾರ. 4.7 ಮೀಟರ್ ಉದ್ದದ ಹಾಯಿದೋಣಿಯನ್ನು ಕಿಟ್‌ನಿಂದ ಕಟ್ಟುತ್ತಿದ್ದೇನೆ. ಒಳಗೆ ಇಬ್ಬರು ಮಲಗುವಷ್ಟು ಪುಟ್ಟ ಕ್ಯಾಬಿನ್ ಇದೆ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಆಮೇಲೆ ಎಪಾಕ್ಸಿ ಅಂಟು ಹಾಕುವ ವಿಧಾನ. ಹೊಲಿಗೆ ಮುಗಿದಿದೆ.

ಎರಡು ತೊಂದರೆ ಇವೆ. ಮೂತಿಯ ಕಡೆಯಿಂದ ಎರಡನೇ ಅಡ್ಡಗೋಡೆಯ ಹತ್ತಿರ ತಳದ ಹಲಗೆಗೂ ಪಕ್ಕದ ಹಲಗೆಗೂ ನಡುವೆ 7-8 ಮಿಲಿಮೀಟರ್ ಸಂದು ಬಿಟ್ಟಿದೆ. ತಂತಿ ಎಷ್ಟು ಬಿಗಿದರೂ ಕೂಡುತ್ತಿಲ್ಲ. ಜೊತೆಗೆ, ಹಿಂದೆ ನಿಂತು ನೋಡಿದರೆ ದೋಣಿಯ ಮೂತಿ ಸ್ವಲ್ಪ ಎಡಕ್ಕೆ ವಾಲಿದ ಹಾಗೆ ಕಾಣುತ್ತದೆ.

ಇನ್ನೊಂದು ಮಾತು. ನಾನು ಎತ್ತರದ ಆಳು. ಮಲಗುವ ಜಾಗ ಸಾಲುವುದಿಲ್ಲ ಅಂತ ಆ ಎರಡನೇ ಅಡ್ಡಗೋಡೆಯನ್ನು ನಕ್ಷೆಗಿಂತ 12 ಸೆಂಟಿಮೀಟರ್ ಮುಂದಕ್ಕೆ ಇಟ್ಟಿದ್ದೇನೆ. ಕ್ಯಾಬಿನ್ ಚಾವಣಿಯನ್ನು 10 ಸೆಂಟಿಮೀಟರ್ ಎತ್ತರಿಸುವ ಆಸೆಯೂ ಇದೆ. 25 ಕೆಜಿಯ ಬ್ಯಾಟರಿಯನ್ನು ಹಿಂಬದಿಯ ಸೀಟಿನ ಕೆಳಗೆ ಇಡೋಣ ಅಂದುಕೊಂಡಿದ್ದೇನೆ. ಸಂದನ್ನು ಎಪಾಕ್ಸಿ ಪೇಸ್ಟ್‌ನಿಂದ ತುಂಬಿ ಮುಂದೆ ಹೋಗಬಹುದಾ?

ಮರಗೆಲಸ:
ಬೇಡ ಸರ್. ದಯವಿಟ್ಟು ಇವತ್ತು ಎಪಾಕ್ಸಿ ಡಬ್ಬಿ ತೆರೆಯಬೇಡಿ. ಹೊಲಿಗೆ ಹಂತದಲ್ಲಿ ಎಲ್ಲವನ್ನೂ ಬಿಚ್ಚಿ ಸರಿ ಮಾಡಬಹುದು. ಒಳಗೆ ಫಿಲೆಟ್, ಅಂದರೆ ಮೂಲೆ ತುಂಬುವ ಎಪಾಕ್ಸಿ ಪೇಸ್ಟ್‌ನ ದುಂಡು ಗೆರೆ, ಎಳೆದು ಫೈಬರ್‌ಗ್ಲಾಸ್ ಪಟ್ಟಿ ಹಾಕಿದ ಮೇಲೆ ತಿರುಚು ಶಾಶ್ವತವಾಗಿ ಉಳಿದುಬಿಡುತ್ತದೆ. ಆಮೇಲೆ ಆ ದೋಣಿ ಬಲಗಡೆಯಿಂದ ಗಾಳಿ ಬಂದಾಗ ಒಂಥರ, ಎಡಗಡೆಯಿಂದ ಬಂದಾಗ ಇನ್ನೊಂಥರ ನಡೆಯುತ್ತದೆ.

ಸಂದು ಯಾಕೆ ಬಂತು ಅಂತ ನೀವೇ ಹೇಳಿದ್ದೀರಿ. ಈ ವಿಧಾನದಲ್ಲಿ ಅಚ್ಚು ಇರುವುದಿಲ್ಲ. ಹಲಗೆಯ ಅಂಚನ್ನು ಹೇಗೆ ಕತ್ತರಿಸಿದ್ದಾರೋ ಅದೇ ದೋಣಿಯ ಆಕಾರ. 1960ರ ದಶಕದ ಆರಂಭದಲ್ಲಿ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಸೇರಿ ಮಿರರ್ ಡಿಂಗಿ ಎಂಬ ಪುಟ್ಟ ಹಾಯಿದೋಣಿ ರೂಪಿಸಿದಾಗ ಸಾಮಾನ್ಯ ಜನ ಮನೆಯಲ್ಲೇ ದೋಣಿ ಕಟ್ಟಲು ಸಾಧ್ಯವಾದದ್ದು ಇದೇ ಕಾರಣಕ್ಕೆ. ಆದರೆ ಇದರ ಇನ್ನೊಂದು ಮುಖ ಏನೆಂದರೆ, ಅಡ್ಡಗೋಡೆಗೆ ಒಂದೇ ಒಂದು ಜಾಗ ಇರುತ್ತದೆ. ಮೂತಿಯ ಕಡೆಗೆ ಹೋದ ಹಾಗೆ ದೋಣಿ ಕಿರಿದಾಗುತ್ತದೆ ಅಲ್ವಾ? ನೀವು ಅಗಲವಾದ ಗೋಡೆಯನ್ನು ಕಿರಿದಾದ ಜಾಗಕ್ಕೆ ತುರುಕಿದ್ದೀರಿ. ಅದು ಪಕ್ಕದ ಹಲಗೆಗಳನ್ನು ಹೊರಕ್ಕೆ ನೂಕುತ್ತಿದೆ. ತಳದ ಹಲಗೆ ಮಾತ್ರ ಇದ್ದಷ್ಟೇ ಅಗಲ. ಅದಕ್ಕೇ ಬಾಯಿ ಬಿಟ್ಟಿದೆ. ಆ ಜಾಗದಲ್ಲಿ ಹೊರಗಿನಿಂದ ಕೈ ಸವರಿ ನೋಡಿ, ಒಂದು ಉಬ್ಬು ಸಿಗುತ್ತದೆ.

ತಿರುಚಿಗೆ ಕಾರಣ ಬೇರೆ ಇರಬೇಕು. ಗೋಡೆ ಎರಡೂ ಕಡೆ ಒಂದೇ ಸಮ ನೂಕಿದರೆ ದೋಣಿ ಉಬ್ಬುತ್ತದೆ, ತಿರುಚುವುದಿಲ್ಲ. ಹಾಗಾಗಿ ಅಳತೆ ಬೇಕು. ಪ್ರತಿ ಅಡ್ಡಗೋಡೆಯ ಮೇಲೂ, ಹಿಂಬದಿ ಹಲಗೆಯ ಮೇಲೂ ಒಂದೊಂದು ನೇರವಾದ ಪಟ್ಟಿ ಅಡ್ಡ ಇಟ್ಟು ರಸಮಟ್ಟ ಹಿಡಿಯಿರಿ. ಎಡ-ಬಲ ಎಷ್ಟು ವ್ಯತ್ಯಾಸ ಅಂತ ಬರೆಯಿರಿ. ತಂತಿಯನ್ನು ಯಾವ ಕ್ರಮದಲ್ಲಿ ಬಿಗಿದಿರಿ ಅನ್ನುವುದನ್ನೂ ಹೇಳಿ.

ಹೊಸಹಾಯಿ:
ತುಂಬಾ ಥ್ಯಾಂಕ್ಸ್ ಸರ್. ಉಬ್ಬು ಇರುವುದು ನಿಜ, ಕೈಗೆ ಸಿಕ್ಕಿತು. ಅಳತೆ ಹೀಗಿದೆ: ಹಿಂಬದಿ ಹಲಗೆ ಸಮ. ನಾಲ್ಕನೇ ಗೋಡೆಯಲ್ಲಿ 3 ಮಿಲಿಮೀಟರ್, ಮೂರನೆಯದರಲ್ಲಿ 8, ಎರಡನೆಯದರಲ್ಲಿ 14. ಎಲ್ಲವೂ ಎಡಕ್ಕೇ ತಗ್ಗು. ಮೂತಿಯ ತುದಿಯಿಂದ ಹಿಂಬದಿಯ ಎರಡು ಮೂಲೆಗೆ ದಾರ ಹಿಡಿದು ನೋಡಿದೆ, ಎರಡೂ ಒಂದೇ ಉದ್ದ. ಅದಕ್ಕೇ ದೋಣಿ ಸರಿ ಇದೆ ಅಂತ ಮೊದಲು ಅಂದುಕೊಂಡಿದ್ದೆ.

ತಂತಿ ಮೊದಲು ಎಡಬದಿ ಪೂರ್ತಿ ಬಿಗಿದೆ, ಮಾರನೇ ದಿನ ಬಲಬದಿ. ಇನ್ನೊಂದು ವಿಷಯ ಹೇಳಲೇಬೇಕು. ಎಡಬದಿಯಲ್ಲಿ ಆರೇಳು ಕಡೆ ಎಪಾಕ್ಸಿಯ ಸಣ್ಣ ತೇಪೆ ಆಗಲೇ ಹಾಕಿದ್ದೇನೆ, ಗಟ್ಟಿಯಾಗಿದೆ.

ಮರಗೆಲಸ:
ಹಿಂದಿನಿಂದ ಮುಂದಕ್ಕೆ 0, 3, 8, 14. ಒಂದೇ ದಿಕ್ಕಿಗೆ ಏರುತ್ತಾ ಹೋಗಿದೆ. ಇದು ಶುದ್ಧ ತಿರುಚು. ದಾರದ ಅಳತೆ ದೋಣಿ ಓರೆಯಾಗಿದ್ದರೆ ಮಾತ್ರ ಹೇಳುತ್ತದೆ, ತಿರುಚನ್ನು ಹೇಳುವುದಿಲ್ಲ. ಎಡಬದಿಯನ್ನು ಮೊದಲೇ ಬಿಗಿದದ್ದರಿಂದ ಆ ಬದಿ ಒಂದು ಆಕಾರಕ್ಕೆ ಕೂತುಬಿಟ್ಟಿತು, ಬಲಬದಿ ಅದರ ಹಿಂದೆ ಹೋಯಿತು.

ತೇಪೆಗೆ ಹೆದರಬೇಡಿ. ಎಪಾಕ್ಸಿ ಬಿಸಿಗೆ ಮೆತ್ತಗಾಗುತ್ತದೆ. ಹೀಟ್ ಗನ್ ಅನ್ನು ಆಡಿಸುತ್ತಾ ಹಿಡಿಯಿರಿ, ಒಂದೇ ಕಡೆ ನಿಲ್ಲಿಸಬೇಡಿ. ಮೆತ್ತಗಾದ ಕೂಡಲೇ ಚೂಪಾದ ಉಳಿಯಿಂದ ಕೆರೆದು ತೆಗೆಯಿರಿ. ಹೊಗೆ ಬಂದರೆ ಜಾಸ್ತಿ ಆಯಿತು ಅಂತ ಅರ್ಥ. ಕಿಟಕಿ ತೆಗೆದಿರಿ, ಮಾಸ್ಕ್ ಹಾಕಿಕೊಳ್ಳಿ.

ಆಮೇಲೆ ಎಲ್ಲ ತಂತಿಗಳನ್ನೂ ಎರಡೆರಡು ಸುತ್ತು ಸಡಿಲಿಸಿ. ಹಲಗೆ ಕೈಯಲ್ಲಿ ಅಲ್ಲಾಡಬೇಕು. ಎರಡನೇ ಗೋಡೆಯನ್ನು ನಕ್ಷೆಯ ಗೆರೆಗೆ ವಾಪಸ್ ತನ್ನಿ. ಕೆಳಗಿನ ತೊಟ್ಟಿಲುಗಳಲ್ಲಿ, ಅಂದರೆ ಒಡಲನ್ನು ಹೊತ್ತಿರುವ ಚೌಕಟ್ಟುಗಳಲ್ಲಿ, ತಗ್ಗಿರುವ ಕಡೆ ಬೆಣೆ ಕೊಟ್ಟು ಎಲ್ಲ ಪಟ್ಟಿಗಳೂ ಸಮ ಬರುವವರೆಗೆ ಎತ್ತಿ. ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಪಟ್ಟಿಗಳು ಒಂದರ ಹಿಂದೆ ಒಂದು ಅಡಗಬೇಕು. ಹಾಗೆ ಬಂದ ಮೇಲೇ ಬಿಗಿಯಿರಿ. ಎಡಕ್ಕೆ ಒಂದು, ಬಲಕ್ಕೆ ಒಂದು, ನಡುವಿನಿಂದ ಎರಡೂ ತುದಿಯ ಕಡೆಗೆ. ನಡುನಡುವೆ ರಸಮಟ್ಟ ನೋಡುತ್ತಿರಿ. ನಾನು ನನ್ನ ಮೊದಲ ದೋಣಿಗೆ ಈ ಒಂದು ಕೆಲಸಕ್ಕೇ ಎರಡು ಭಾನುವಾರ ಕೊಟ್ಟೆ. ಆ ಎರಡು ದಿನದ ಋಣ ಇವತ್ತಿಗೂ ನೀರಿನ ಮೇಲೆ ತೀರುತ್ತಿದೆ.

ತಂಗಾಳಿ:
ಮಲಗುವ ಜಾಗದ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ. ಬಹಳಷ್ಟು ಪುಟ್ಟ ದೋಣಿಗಳಲ್ಲಿ ಹಾಯಿಕಂಬ ಚಾವಣಿಯ ಮೇಲೆ ಕೂರುತ್ತದೆ. ಅದರ ಭಾರ ಕೆಳಗಿರುವ ಅಡ್ಡಗೋಡೆಯ ಮೂಲಕ ಕೆಳಗಿಳಿಯುತ್ತದೆ. ನಿಮ್ಮದೂ ಹಾಗೇ ಇದ್ದರೆ, ಗೋಡೆ ಸರಿದರೆ ಕಂಬಕ್ಕೆ ಆಧಾರ ತಪ್ಪುತ್ತದೆ. ಗೋಡೆಯ ಜೊತೆ ಕಂಬವನ್ನೂ ಮುಂದಕ್ಕೆ ಒಯ್ದರೆ ಹಾಯಿಯ ಬಲ ಮುಂದಕ್ಕೆ ಹೋಗುತ್ತದೆ, ನೀರೊಳಗೆ ಇಳಿಯುವ ನಡುಹಲಗೆ, ಅಂದರೆ ಸೆಂಟರ್‌ಬೋರ್ಡ್, ಇದ್ದಲ್ಲೇ ಇರುತ್ತದೆ. ದೋಣಿ ಗಾಳಿಯಿಂದ ಮುಖ ತಿರುಗಿಸಿಕೊಂಡು ಹೋಗಲು ನೋಡುತ್ತದೆ. ಚುಕ್ಕಾಣಿ ಬಿಟ್ಟಾಗ ತಾನಾಗಿ ಗಾಳಿಗೆ ಮುಖಮಾಡಿ ನಿಲ್ಲುವ ಒಳ್ಳೇ ಗುಣ ಕಳೆದುಹೋಗುತ್ತದೆ.

ಕಾಲಿಗೆ ಮಾತ್ರ ಜಾಗ ಬೇಕು ಅಲ್ವಾ? ಹಾಗಾದರೆ ಗೋಡೆಯನ್ನು ಅಲ್ಲೇ ಬಿಟ್ಟು, ಕಂಬದ ಆಧಾರದಿಂದ ದೂರ ಒಂದು ಬದಿಯಲ್ಲಿ, ಹಾಸಿಗೆಯ ಮಟ್ಟದಲ್ಲಿ ಪಾದ ಹಿಡಿಸುವಷ್ಟು ತೂತು ಕೊರೆಯಿರಿ. ಮೂಲೆಗಳು ದುಂಡಗಿರಲಿ, ಚೂಪು ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ. ತೂತಿನ ಸುತ್ತ ಇನ್ನೊಂದು ಪದರ ಪ್ಲೈವುಡ್ ಅಂಟಿಸಿ. ಮುಖ್ಯವಾದ ಮಾತು: ಮುಂದಿನ ಕೋಣೆ ನಿಮ್ಮ ದೋಣಿಯನ್ನು ತೇಲಿಸುವ ಗಾಳಿಯ ಡಬ್ಬಿ. ಸುಮ್ನೆ ತೂತು ಬಿಟ್ಟರೆ ದೋಣಿ ಮಗುಚಿದಾಗ ಅದರೊಳಗೂ ನೀರು ನುಗ್ಗುತ್ತದೆ. ಆದ್ದರಿಂದ ತೂತಿನ ಹಿಂದೆ ಪಾದಕ್ಕೊಂದು ಮುಚ್ಚಿದ ಪೆಟ್ಟಿಗೆ ಕಟ್ಟಿ, ಎಲ್ಲ ಸಂದಿಗೂ ಫಿಲೆಟ್ ಎಳೆದು ನೀರು ಹೋಗದ ಹಾಗೆ ಮಾಡಿ. ಕತ್ತರಿಸುವ ಮೊದಲು ನಕ್ಷೆ ಮಾಡಿದವರಿಗೆ ಒಂದು ಸ್ಕೆಚ್ ಕಳಿಸಿ ಕೇಳಿ.

ಇನ್ನು ತೂಕ. ನೀವು ಚಾವಣಿಗೆ ಹೆದರಿದ್ದೀರೋ ಏನೋ, ನನಗೆ ಚಿಂತೆ ಬ್ಯಾಟರಿಯದು. 6 ಮಿಲಿಮೀಟರ್ ಹಗುರ ಪ್ಲೈವುಡ್ ಒಂದು ಚದರ ಮೀಟರ್‌ಗೆ ಸುಮಾರು 3 ಕೆಜಿ. ಕ್ಯಾಬಿನ್‌ನ ಗೋಡೆ 10 ಸೆಂಟಿಮೀಟರ್ ಏರಿಸಲು ಅರ್ಧ ಚದರ ಮೀಟರ್ ಸಾಕು. ಫೈಬರ್‌ಗ್ಲಾಸ್ ಬಟ್ಟೆ, ಎಪಾಕ್ಸಿ ಸೇರಿ ಎರಡೂವರೆ ಕೆಜಿ ಅನ್ನೋಣ. ಅದು ನೀರಿನ ಮಟ್ಟದಿಂದ 80 ಸೆಂಟಿಮೀಟರ್ ಮೇಲೆ ಕೂತರೆ, ತೂಕವನ್ನು ದೂರದಿಂದ ಗುಣಿಸಿ, 2 ಕೆಜಿ-ಮೀಟರ್. ಚಾವಣಿ 12 ಕೆಜಿ ಇದ್ದರೆ, ಅದು 10 ಸೆಂಟಿಮೀಟರ್ ಏರಿದ್ದಕ್ಕೆ ಇನ್ನು 1.2. ಒಟ್ಟು 3.2. ಅದೇ ಬ್ಯಾಟರಿಯನ್ನು ದೋಣಿಯ ನಡುವಿನಿಂದ ಒಂದೂವರೆ ಮೀಟರ್ ಹಿಂದಕ್ಕೆ ಇಟ್ಟರೆ 37.5. ಅಲ್ಲೇ ಮೋಟಾರು, ಅಲ್ಲೇ ಚುಕ್ಕಾಣಿ ಹಿಡಿದ ನೀವು. ಹಿಂಭಾಗ ಮುಳುಗಿ ನೀರನ್ನು ಎಳೆದುಕೊಂಡು ಹೋಗುತ್ತದೆ. ಬ್ಯಾಟರಿ ಸೆಂಟರ್‌ಬೋರ್ಡ್ ಪೆಟ್ಟಿಗೆಯ ಪಕ್ಕ, ತಳದಲ್ಲಿ, ಗಟ್ಟಿಯಾಗಿ ಕಟ್ಟಿ ಇರಲಿ. ಅಲ್ಲಿ ಅದು ದೋಣಿಯನ್ನು ನೆಟ್ಟಗೆ ನಿಲ್ಲಿಸಲು ಸಹಾಯವನ್ನೂ ಮಾಡುತ್ತದೆ.

ಚಾವಣಿಯಲ್ಲಿ ತೂಕಕ್ಕಿಂತ ಬೂಮ್‌ನದೇ, ಅಂದರೆ ಹಾಯಿಯ ಕೆಳಅಂಚಿನ ಅಡ್ಡಕೋಲಿನದೇ, ಸಮಸ್ಯೆ. ಅದು ಚಾವಣಿಗೆ ತಾಗದೆ ಹಾಯಬೇಕು. ಬೂಮ್ ಏರಿಸಿದರೆ ಹಾಯಿಯೂ ಏರುತ್ತದೆ, ದೋಣಿ ಬೇಗ ವಾಲುತ್ತದೆ. ಮೊದಲು ರಟ್ಟಿನಲ್ಲಿ ಕ್ಯಾಬಿನ್ ಕಟ್ಟಿ ಒಳಗೆ ಅರ್ಧ ಗಂಟೆ ಕೂತು ನೋಡಿ. ಹಾಸಿಗೆಯ ಹಲಗೆಯನ್ನೇ 5 ಸೆಂಟಿಮೀಟರ್ ಇಳಿಸಿದರೆ ತಲೆಗೆ ಜಾಗ ಸಿಗಬಹುದು.

ಹೊಸಹಾಯಿ:
ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ತೇಪೆಗಳು ಒಂದು ಸಂಜೆಯಲ್ಲಿ ಬಂದವು. ಒಂದು ಕಡೆ ಮಾತ್ರ ಪ್ಲೈವುಡ್‌ನ ಮೇಲ್ಪದರ ಸ್ವಲ್ಪ ಕಿತ್ತು ಬಂತು. ಎರಡನೇ ಗೋಡೆ ಹಳೇ ಗೆರೆಗೆ ಬಂದ ಕೂಡಲೇ ತಳದ ಸಂದು ತಾನಾಗಿ 1 ಮಿಲಿಮೀಟರ್‌ಗೆ ಇಳಿಯಿತು. ಬೆಣೆ ಕೊಟ್ಟು, ನೀವು ಹೇಳಿದ ಹಾಗೆ ಎಡ-ಬಲ ಬಿಗಿದೆ. ಈಗ ಅಳತೆ 0, 0, 1, 1.

ರಟ್ಟಿನ ಕ್ಯಾಬಿನ್‌ನಲ್ಲಿ ಕೂತೆ. ಹಾಸಿಗೆ 6 ಸೆಂಟಿಮೀಟರ್ ಇಳಿಸಿದರೆ ತಲೆ ತಾಗುವುದಿಲ್ಲ. ಚಾವಣಿ ನಕ್ಷೆಯಲ್ಲಿ ಇರುವ ಹಾಗೇ ಇರಲಿ. ಪಾದದ ಪೆಟ್ಟಿಗೆಯ ಸ್ಕೆಚ್ ಕಳಿಸಿದ್ದೇನೆ, ಉತ್ತರ ಬಂದ ಮೇಲೇ ಗರಗಸ ಮುಟ್ಟುತ್ತೇನೆ. ಉಳಿದ 1 ಮಿಲಿಮೀಟರ್ ಬಿಡಬಹುದಾ?

ಮರಗೆಲಸ:
ಬಿಡಬಹುದು. ಕಿತ್ತು ಬಂದ ಜಾಗಕ್ಕೆ ಮೊದಲು ತೆಳು ಎಪಾಕ್ಸಿ ಕುಡಿಸಿ, ಆಮೇಲೆ ತೇಪೆ ಹಾಕಿ. ಎರಡೂ ಬದಿಗೆ ಒಂದೇ ದಿನ ಹಾಕಿ. ಗಟ್ಟಿಯಾಗುವವರೆಗೆ ಬೆಣೆಗಳನ್ನು ಮುಟ್ಟಬೇಡಿ. ಗಟ್ಟಿಯಾದ ಮೇಲೆ ಮೇಣದಂಥ ಜಿಗುಟು ಪೊರೆ ಕಂಡರೆ ನೀರು ಹಾಕಿ ಉಜ್ಜಿ ತೊಳೆದು, ಆಮೇಲೆ ಸ್ಯಾಂಡ್‌ಪೇಪರ್ ಹಿಡಿಯಿರಿ. ತೊಳೆಯದೆ ಉಜ್ಜಿದರೆ ಆ ಪೊರೆ ಮರದೊಳಗೆ ಮೆತ್ತಿಕೊಂಡು ಮುಂದಿನ ಪದರ ಹಿಡಿಯುವುದಿಲ್ಲ. ತಂತಿ ಕತ್ತರಿಸುವ ಮೊದಲು ಇನ್ನೊಮ್ಮೆ ರಸಮಟ್ಟ ಇಟ್ಟು ಇಲ್ಲಿ ಬರೆಯಿರಿ.