ಪದಚರ್ಚೆ: ‘ಫಿಗರ್ ಸ್ಕೇಟಿಂಗ್’, ‘ಟ್ರಿಪಲ್ ಆಕ್ಸೆಲ್’ – ಕನ್ನಡದಲ್ಲಿ ಏನೆನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಅನುವಾದಕಿ, ಮೈಸೂರು:

ಬಲ್ಲವರಲ್ಲಿ ಒಂದು ಕೋರಿಕೆ. ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವ ಜಪಾನಿನ ಮಾವೊ ಶಿಮಾದಾ ಕುರಿತ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟ ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ಹುಡುಗಿ ಹುಟ್ಟಿದ್ದು 2008ರ ಅಕ್ಟೋಬರ್ 30ರಂದು, ಟೋಕಿಯೊದಲ್ಲಿ. ಮನೆಯವರಿಗೆ ಹೆಸರಾಂತ ಸ್ಕೇಟರ್ ಮಾವೊ ಅಸಾದಾ ಅಚ್ಚುಮೆಚ್ಚು. ಮಗಳಿಗೂ ಅದೇ ಹೆಸರಿಟ್ಟರು. 2023ರಲ್ಲಿ ಕ್ಯಾಲ್ಗರಿ, 2024ರಲ್ಲಿ ತೈಪೆ, 2025ರಲ್ಲಿ ಡೆಬ್ರೆಸೆನ್ – ಮೂರು ವರ್ಷವೂ ಜೂನಿಯರ್ ವಿಶ್ವ ಚಾಂಪಿಯನ್. 2024ರ ಜನವರಿಯಲ್ಲಿ ಗ್ಯಾಂಗ್‌ವನ್ ಯುವ ಒಲಿಂಪಿಕ್ಸ್‌ನಲ್ಲೂ ಚಿನ್ನ.

ತಡೆದಿರುವುದು ಇಷ್ಟಕ್ಕೆ: ಫಿಗರ್ ಸ್ಕೇಟಿಂಗ್, ಟ್ರಿಪಲ್ ಆಕ್ಸೆಲ್, ಕ್ವಾಡ್ (ಎರಡೂ ಜಿಗಿತಗಳು), ಅಂಡರ್ ರೊಟೇಟೆಡ್, ಜೂನಿಯರ್ ಮತ್ತು ಸೀನಿಯರ್. ಮೂಲದಲ್ಲಿ ಪುಟಕ್ಕೆ ಹತ್ತು ಸಲ ಬರುತ್ತವೆ. ಮೊದಲನೆಯದಕ್ಕೆ ನಾನು ‘ಹಿಮಜಾರಾಟ’ ಎಂದು ಬರೆದುಕೊಂಡಿದ್ದೇನೆ. ನಡೆಯುತ್ತದೆಯೇ?

ಧಾರವಾಡದಿಂದ:

ನಡೆಯೋದಿಲ್ಲ. ಹಿಮ ಸಂಸ್ಕೃತ, ಜಾರಾಟ ಕನ್ನಡ. ಅರಿಸಮಾಸ. ಮಂಜುಗಡ್ಡೆಗೆ ನೀರ್ಗಲ್ಲು ಅನ್ನುವ ಚೆಂದದ ಮಾತು ಇರುವಾಗ ಹಿಮದ ಹಂಗು ಏಕೆ? ‘ನೀರ್ಗಲ್ಲ ಜಾರಾಟ’ ಅನ್ನಿ. ಟ್ರಿಪಲ್ ಆಕ್ಸೆಲ್‌ಗೆ ‘ಮುಮ್ಮಡಿ ನೆಗೆತ’, ಕ್ವಾಡ್‌ಗೆ ‘ನಾಲ್ಮಡಿ ನೆಗೆತ’. ಮುಗಿಯಿತು.

ನಿವೃತ್ತ ಅಧ್ಯಾಪಕ, ಬೆಂಗಳೂರು:

ಕೇಶಿರಾಜ ಅರಿಸಮಾಸವನ್ನು ದೋಷ ಎಂದದ್ದು ಕಾವ್ಯದ ಶಿಷ್ಟಪ್ರಯೋಗವನ್ನು ಕಣ್ಣೆದುರು ಇಟ್ಟುಕೊಂಡು. ಬಿರುದಿನಂಥ ಕಡೆ ಅವನೇ ಒಪ್ಪಿಕೊಳ್ಳುತ್ತಾನೆ. ಮಕ್ಕಳ ಪತ್ರಿಕೆಯ ಶೀರ್ಷಿಕೆಗೆ ಶಬ್ದಮಣಿದರ್ಪಣದ ಸೂತ್ರ ಹಿಡಿದು ತೂಗುವುದು ಅತಿಯಾಯಿತು. ಆದರೆ ‘ಹಿಮ’ ತಪ್ಪು ಎಂಬುದು ಬೇರೆ ಕಾರಣಕ್ಕೆ ನಿಜ. ಹಿಮ ಬೀಳುತ್ತದೆ, ಹಾಸುತ್ತದೆ. ಹೆಪ್ಪುಗಟ್ಟಿದ ನೀರಿಗೆ ನಾವು ಅನ್ನುವುದು ಮಂಜುಗಡ್ಡೆ. ಮುಚ್ಚಿದ ಒಳಾಂಗಣದಲ್ಲಿ ಹಿಮ ಎಲ್ಲಿಂದ ಬರಬೇಕು?

ಇನ್ನು ‘ಜಾರಾಟ’. ಒಬ್ಬ ಹೆಣ್ಣುಮಗಳನ್ನು ಕುರಿತು ‘ಅವಳು ಸೊಗಸಾಗಿ ಜಾರುತ್ತಾಳೆ’ ಎಂದು ಬರೆಯುವ ಮುನ್ನ ಎರಡು ಸಲ ಯೋಚಿಸಬೇಕು. ಜಾರ, ಜಾರಿಣಿ ಎಂಬ ಮಾತು ಓದುಗನ ಕಿವಿಯಲ್ಲಿ ಇದ್ದೇ ಇದೆ.

ಧಾರವಾಡದಿಂದ:

ಇದು ಬಲ್ಲವರ ಬಾಯಲ್ಲಿ ಬರಬಾರದ ಮಾತು. ಜಾರ ಸಂಸ್ಕೃತದ್ದು. ಜಾರು ದ್ರಾವಿಡದ್ದು – ತುಳುವಿನಲ್ಲಿದೆ, ತೆಲುಗಿನಲ್ಲಿದೆ. ಎರಡಕ್ಕೂ ಬೇರಿನ ನಂಟಿಲ್ಲ. ಜಾರುಬಂಡೆ ಹತ್ತುವ ಮಗುವಿಗೆ ಜಾರಿಣಿ ನೆನಪಾಗುವುದಿಲ್ಲ. ನಮ್ಮದೇ ಮಾತಿಗೆ ಎರವಲು ಮಾತಿನ ಮಸಿ ಬಳಿದು ನಾವೇ ಕೈಬಿಡುವುದಾದರೆ ಕನ್ನಡದಲ್ಲಿ ಉಳಿಯುವುದೇನು?

ನಿವೃತ್ತ ಅಧ್ಯಾಪಕ, ಬೆಂಗಳೂರು:

ಬೇರು ಬೇರೆ ಎಂದು ನನಗೂ ಗೊತ್ತು. ಓದುಗ ಬೇರು ಅಗೆದು ಓದುವುದಿಲ್ಲ. ‘ಕಾಲು ಜಾರಿದಳು’ ಎಂಬುದಕ್ಕೆ ಕನ್ನಡದಲ್ಲೇ ಎರಡರ್ಥ ಇಲ್ಲವೇ? ಅದಕ್ಕೆ ಸಂಸ್ಕೃತದ ನೆರವೂ ಬೇಕಿಲ್ಲ.

ಟೊರಾಂಟೊದಿಂದ:

ಮಗಳನ್ನು ವಾರವಾರ ರಿಂಕ್‌ಗೆ (ಸ್ಕೇಟಿಂಗ್ ಅಂಗಳಕ್ಕೆ) ಕರೆದುಕೊಂಡು ಹೋಗುವವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ. ಇಬ್ಬರೂ ‘ಜಾರು’ ಹಿಡಿದು ಜಗ್ಗಾಡುತ್ತಿದ್ದೀರಿ. ಈ ಆಟದಲ್ಲಿ ಜಾರುವುದು ಅಂದರೆ ತಪ್ಪುವುದು. ಸ್ಕೇಟಿನ ಅಲಗನ್ನು ಒಮ್ಮೆ ಮಗುಚಿ ನೋಡಿ. ಉದ್ದಕ್ಕೂ ನಡುವೆ ಸಣ್ಣ ತೋಡು ಇರುತ್ತದೆ, ಅದರ ಆಚೆಗೊಂದು ಈಚೆಗೊಂದು ಅಂಚು. ಮೈಯನ್ನು ಓರೆ ಮಾಡಿ ಒಂದೇ ಅಂಚಿನ ಮೇಲೆ ನಿಂತಾಗ ಮಂಜುಗಡ್ಡೆಯಲ್ಲಿ ಬಾಗಿದ ಗೆರೆ ಬೀಳುತ್ತದೆ. ಎರಡು ಅಂಚೂ ತಾಗಿದರೆ ಜೋಡಿಗೆರೆ. ಕೋಚ್ ಕೂಡಲೇ ಕೂಗುತ್ತಾರೆ. ಹೊರಗಿನ ಅಂಚು, ಒಳಗಿನ ಅಂಚು – ಮನೆಯಲ್ಲಿ ನಾವು ಹೀಗೇ ಅನ್ನುತ್ತೇವೆ. ಸೀರೆಗೆ ಇರುವ ಮಾತೇ ಇಲ್ಲಿಗೂ ಒದಗುತ್ತದೆ, ಹುಡುಕಬೇಕಿಲ್ಲ.

‘ಫಿಗರ್’ ಎಂದರೂ ಆ ಗೆರೆಯೇ. ಮೈಕಟ್ಟಲ್ಲ. ಕನ್ನಡದ ಕೆಲವು ಕಡೆ ‘ಅಂಗಸೌಷ್ಠವ ಸ್ಕೇಟಿಂಗ್’ ಎಂಬ ಅರ್ಥದಲ್ಲಿ ಬರೆದದ್ದು ಕಂಡು ಹೊಟ್ಟೆ ಉರಿದಿದೆ. ಮುಂಚೆ ಸ್ಪರ್ಧಿಗಳು ಮಂಜುಗಡ್ಡೆಯ ಮೇಲೆ ಎಂಟರ ಆಕಾರ, ಕುಣಿಕೆಯ ಆಕಾರಗಳನ್ನು ಒಂದರ ಮೇಲೊಂದು ಕೂರುವಂತೆ ಕೊರೆದು ತೋರಿಸಬೇಕಿತ್ತು. ತೀರ್ಪುಗಾರರು ಬಗ್ಗಿ ಆ ಗೆರೆಗಳನ್ನು ನೋಡಿ ಅಂಕ ಕೊಡುತ್ತಿದ್ದರು. 1990ರ ನಂತರ ವಿಶ್ವಮಟ್ಟದಲ್ಲಿ ಅದನ್ನು ಕೈಬಿಟ್ಟರು, ಹೆಸರು ಉಳಿಯಿತು. ಅನುವಾದಿಸಲೇಬೇಕು ಎನ್ನುವವರು ರೇಖೆ, ಗೆರೆ, ರಂಗೋಲಿ ಎಂದು ಯೋಚಿಸಿ. ನನ್ನ ಮಟ್ಟಿಗೆ ಸ್ಕೇಟಿಂಗ್ ಎಂಬುದು ಬೆಳಗಾವಿ, ಬೆಂಗಳೂರಿನ ರೋಲರ್ ಸ್ಕೇಟಿಂಗ್ ಮಕ್ಕಳ ಬಾಯಲ್ಲಿ ಎಂದೋ ಕನ್ನಡವಾಗಿದೆ.

‘ಮುಮ್ಮಡಿ ನೆಗೆತ’ವಂತೂ ಲೆಕ್ಕದಲ್ಲೇ ತಪ್ಪು. ಟ್ರಿಪಲ್ ಆಕ್ಸೆಲ್‌ನಲ್ಲಿ ಗಾಳಿಯಲ್ಲಿ ತಿರುಗುವುದು ಮೂರೂವರೆ ಸುತ್ತು. ಉಳಿದೆಲ್ಲ ಜಿಗಿತಕ್ಕೂ ಬೆನ್ನು ಮುಂದಾಗಿ ಹೊರಡುತ್ತಾರೆ, ಆಕ್ಸೆಲ್ ಒಂದಕ್ಕೆ ಮಾತ್ರ ಮುಖ ಮುಂದಾಗಿ. ಕಾಲೂರುವುದು ಎಲ್ಲದರಲ್ಲೂ ಹಿಮ್ಮುಖವಾಗಿಯೇ. ಆ ಅರ್ಧ ಸುತ್ತು ಹೆಚ್ಚಾಗುವುದು ಅದಕ್ಕೇ. ಅಂಕದಲ್ಲೂ ಕಾಣುತ್ತದೆ: ಮೂರು ಸುತ್ತಿನ ಇನ್ನೊಂದು ಜಿಗಿತ ಟ್ರಿಪಲ್ ಲುಟ್ಜ್‌ಗೆ ಮೂಲ ಅಂಕ 5.9, ಟ್ರಿಪಲ್ ಆಕ್ಸೆಲ್‌ಗೆ 8. ನಾಲ್ಕು ಸುತ್ತಿನ ಜಿಗಿತ ಕ್ವಾಡ್ ಟೋ ಲೂಪ್‌ಗೆ 9.5. ಶಿಮಾದಾ 2023ರಲ್ಲಿ ಕ್ಯಾಲ್ಗರಿಯ ಫ್ರೀ ಸ್ಕೇಟ್ (ಸ್ಪರ್ಧೆಯ ಉದ್ದನೆಯ ಪ್ರದರ್ಶನ) ಒಂದರಲ್ಲೇ ಈ ಕೊನೆಯ ಎರಡನ್ನೂ ಮಾಡಿದಳು. ಆಗ ಅವಳಿಗೆ ಹದಿನಾಲ್ಕು. ಇದನ್ನು ಮಕ್ಕಳಿಗೆ ತಿಳಿಯುವಂತೆ ಹೇಳದಿದ್ದರೆ ಲೇಖನ ಏಕೆ ಬೇಕು?

ಧಾರವಾಡದಿಂದ:

ಮೂರೂವರೆ ಎಂಬುದು ಒಪ್ಪಿದೆ. ‘ಮೂರೂವರೆ ಸುತ್ತಿನ ನೆಗೆತ’. ಈಗ ಆಕ್ಸೆಲ್ ಎಂಬುದು ಬೇಕೇ ಇಲ್ಲವಲ್ಲ? ಲೂಪ್‌ಗೆ ಕುಣಿಕೆ, ಲುಟ್ಜ್‌ಗೆ ‘ಹೊರಂಚು ನೆಗೆತ’ ಅಂತ ಕಟ್ಟೋಣ.

ಟೊರಾಂಟೊದಿಂದ:

ಆಕ್ಸೆಲ್ ಒಬ್ಬ ಮನುಷ್ಯನ ಹೆಸರು. ನಾರ್ವೆಯ ಆಕ್ಸೆಲ್ ಪಾಲ್ಸೆನ್, 1882ರಲ್ಲಿ ವಿಯೆನ್ನಾದಲ್ಲಿ ಆ ಜಿಗಿತವನ್ನು ತೋರಿಸಿದವನು. ಲುಟ್ಜ್ ಆಸ್ಟ್ರಿಯಾದ ಅಲೋಯ್ಸ್ ಲುಟ್ಜ್. ಸಾಲ್ಕೋ ಎಂಬ ಇನ್ನೊಂದು ಜಿಗಿತ ಸ್ವೀಡನ್ನಿನ ಉಲ್ರಿಕ್ ಸಾಲ್ಕೋ ಹೆಸರಿನದು. ಹೆಸರನ್ನು ಅನುವಾದಿಸುವುದು ಯಾವ ನ್ಯಾಯ?

ಧಾರವಾಡದಿಂದ:

ಮೊದಲೇ ಹೇಳಬೇಕಿತ್ತು. ಹೆಸರು ಇರಲಿ.

ಅನುವಾದಕಿ, ಮೈಸೂರು:

ಟೊರಾಂಟೊದವರಿಗೆ ಋಣಿ. ‘ಅಂಡರ್ ರೊಟೇಟೆಡ್’ ಉಳಿಯಿತು. ‘ಅಪೂರ್ಣ ಭ್ರಮಣ’ ಎಂದು ಹಾಕಿದ್ದೆ. ಮಕ್ಕಳು ಓದುವುದಿಲ್ಲ.

ಟೊರಾಂಟೊದಿಂದ:

‘ಸುತ್ತು ಸಾಲಲಿಲ್ಲ.’ ಅಷ್ಟೆ. ಒಂದು ಸುತ್ತಿನ ಕಾಲು ಭಾಗಕ್ಕಿಂತ ಹೆಚ್ಚು ಕೊರತೆ ಬಿದ್ದರೆ ಮೂಲ ಅಂಕದಲ್ಲಿ ಐದನೇ ಒಂದು ಪಾಲು ಹೋಗುತ್ತದೆ, 8 ಇದ್ದದ್ದು 6.4 ಆಗುತ್ತದೆ. ಅರ್ಧ ಸುತ್ತೇ ಸಾಲದಿದ್ದರೆ ಅದನ್ನು ಒಂದು ಸುತ್ತು ಕಡಿಮೆಯ ಜಿಗಿತವೆಂದೇ ಎಣಿಸುತ್ತಾರೆ. ‘ಲ್ಯಾಂಡ್ ಆದಳು’ ಎಂಬಲ್ಲಿ ‘ನೆಲಕ್ಕಿಳಿದಳು’ ಬೇಡ, ‘ಕಾಲೂರಿದಳು’ ಇರಲಿ. ಒಂಟಿಗಾಲು, ಹಿಮ್ಮುಖ, ಹೊರಗಿನ ಅಂಚು – ಮೂರೂ ಆ ಗಳಿಗೆಯಲ್ಲಿ ಕೂಡಿ ಬರಬೇಕು.

ನಿವೃತ್ತ ಅಧ್ಯಾಪಕ, ಬೆಂಗಳೂರು:

‘ಸುತ್ತು ಸಾಲಲಿಲ್ಲ’ ಉತ್ತಮ. ಹಳ್ಳಿಯ ಮಗುವಿಗೂ ಅರ್ಥವಾಗುತ್ತದೆ.

ಜೂನಿಯರ್, ಸೀನಿಯರ್‌ಗೆ ಕಿರಿಯರು, ಹಿರಿಯರು ಎಂದು ಪತ್ರಿಕೆಗಳು ಬರೆಯುತ್ತವೆ. ಅದನ್ನೇ ಬಳಸಿ.

ಅನುವಾದಕಿ, ಮೈಸೂರು:

ಅಲ್ಲೇ ಕಥೆ ಸಿಕ್ಕಿಕೊಂಡಿದೆ. ದಯವಿಟ್ಟು ಇದನ್ನು ಪೂರ್ತಿ ಓದಿ. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 2022ರ ಜೂನ್‌ನಲ್ಲಿ ಫುಕೆಟ್‌ನಲ್ಲಿ ಸಭೆ ಸೇರಿ ಸೀನಿಯರ್ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಿತು, ಹಂತಹಂತವಾಗಿ. ಬೆಳೆಯುವ ಮೈಮನಸ್ಸಿನ ಮೇಲೆ ಬೀಳುವ ಒತ್ತಡ ತಗ್ಗಲಿ ಎಂಬುದು ಉದ್ದೇಶ. ವಯಸ್ಸು ಲೆಕ್ಕ ಹಾಕುವುದು ಜುಲೈ 1ಕ್ಕೆ. ಶಿಮಾದಾಗೆ 17 ತುಂಬಿದ್ದು 2025ರ ಅಕ್ಟೋಬರ್ 30ಕ್ಕೆ. ಮಿಲಾನ್ ಒಲಿಂಪಿಕ್ಸ್ 2026ರ ಫೆಬ್ರವರಿಯಲ್ಲಿ. ಕೂಟದ ಹೊತ್ತಿಗೆ ಹದಿನೇಳು ದಾಟಿದ್ದರೂ, ನಾಲ್ಕು ತಿಂಗಳ ಅಂತರಕ್ಕೆ ಅವಳು ಅಲ್ಲಿ ಕಣಕ್ಕಿಳಿಯುವಂತಿರಲಿಲ್ಲ.

ಅವಳ ಹೆಸರಿನ ಮೂಲಕ್ಕೂ ಇದೇ ಆಗಿತ್ತು. ಮಾವೊ ಅಸಾದಾ ಹುಟ್ಟಿದ್ದು 1990ರ ಸೆಪ್ಟೆಂಬರ್ 25. 2006ರ ಟ್ಯೂರಿನ್ ಒಲಿಂಪಿಕ್ಸ್‌ಗೆ 2005ರ ಜುಲೈ 1ಕ್ಕೆ 15 ತುಂಬಿರಬೇಕಿತ್ತು. ಮೂರು ತಿಂಗಳೂ ಪೂರ್ತಿ ಇಲ್ಲದ ಅಂತರ. ಆ ಚಳಿಗಾಲದಲ್ಲೇ ಅವಳು ಸೀನಿಯರ್‌ಗಳ ಗ್ರಾಂಪ್ರಿ ಎಂಬ ಅಂತರರಾಷ್ಟ್ರೀಯ ಸರಣಿಯ ಫೈನಲ್ ಗೆದ್ದಿದ್ದಳು, ಏಕೆಂದರೆ ಗ್ರಾಂಪ್ರಿಗೆ ವಯಸ್ಸಿನ ಮಿತಿ ಬೇರೆ ಇತ್ತು. ನಂತರ 2010ರ ವ್ಯಾಂಕೂವರ್‌ನಲ್ಲಿ ಬೆಳ್ಳಿ, ಮೂರು ಸಲ ವಿಶ್ವ ಚಾಂಪಿಯನ್. ಒಂದೇ ಹೆಸರಿನ ಇಬ್ಬರು, ಒಂದೇ ತಾರೀಕು ಇಬ್ಬರನ್ನೂ ತಡೆಯಿತು. ಈ ಲೇಖನದ ಜೀವ ಇದು.

ಈಗ ‘ಹದಿನೇಳು ತುಂಬದ ಕಾರಣ ಹಿರಿಯರ ಜತೆ ಸ್ಪರ್ಧಿಸುವಂತಿಲ್ಲ’ ಎಂದು ಬರೆದರೆ ಮಕ್ಕಳು ಅಜ್ಜ ಅಜ್ಜಿಯರನ್ನು ನೆನೆಯುತ್ತಾರೆ. ಜತೆಗೆ ಜಪಾನಿನ ರಾಷ್ಟ್ರೀಯ ಕೂಟದಲ್ಲಿ ಜೂನಿಯರ್‌ಗಳಿಗೂ ಜಾಗವಿದೆ. 2024ರ ಡಿಸೆಂಬರ್‌ನಲ್ಲಿ ಅವಳು ಅಲ್ಲಿ ಸೀನಿಯರ್ ಸ್ಕೇಟರ್ ಕಾವೊರಿ ಸಕಾಮೊಟೊ ಹಿಂದೆ ಎರಡನೆಯವಳಾದಳು. ‘ಕಿರಿಯಳು ಹಿರಿಯರ ಕೂಟದಲ್ಲಿ ಬೆಳ್ಳಿ’ ಎಂದರೆ ನಿಯಮ ಮುರಿದಂತೆ ಕೇಳಿಸುತ್ತದೆ.

ಕ್ಯೋಟೊದಿಂದ:

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಕೆಲಸದ ಮೇಲೆ ಇಲ್ಲಿದ್ದೇನೆ. ಶಿಮಾದಾ ಅಭ್ಯಾಸ ಮಾಡುವ ರಿಂಕ್ ಇರುವುದು ಇದೇ ಕ್ಯೋಟೊ ಪ್ರಾಂತ್ಯದ ಉಜಿಯಲ್ಲಿ, ಕೋಚ್ ಮಿಯೆ ಹಮಾದಾ ಕೈಕೆಳಗೆ. ಹಾಗಾಗಿ ಇಲ್ಲಿಯವರು ಏನೆನ್ನುತ್ತಾರೆ ಎಂದು ಹೇಳಬಲ್ಲೆ. ಆಟಕ್ಕೆ ‘ಫಿಗ್ಯುಆ ಸುಕೇತೊ’. ಜಿಗಿತಕ್ಕೆ ‘ತೊರಿಪುರು ಅಕುಸೆರು’. ಬಾಯಿಗೆ ಹೊಂದಿಸಿಕೊಂಡ ಎರವಲು. ಆದರೆ ಸುತ್ತು ಎಣಿಸುವಾಗ ತಮ್ಮದೇ ಮಾತು: ಕ್ವಾಡ್‌ಗೆ ‘ಯೊಂಕಾಯ್ತೆನ್’, ಅಂದರೆ ನಾಲ್ಕು ಸುತ್ತು. ಟ್ರಿಪಲ್ ಆಕ್ಸೆಲ್‌ಗೆ ‘ಸಾಂಕಾಯ್ತೆನ್ ಹಾನ್’ ಎಂದೂ ಅನ್ನುತ್ತಾರೆ, ಮೂರೂವರೆ ಸುತ್ತು. ಟೊರಾಂಟೊದವರು ಹೇಳಿದ್ದೂ ಅದೇ.

ಎರವಲಿನ ಬಗ್ಗೆ ಇನ್ನೊಂದು. 2006ರಲ್ಲಿ ಶಿಜುಕಾ ಅರಾಕಾವಾ ಟ್ಯೂರಿನ್‌ನಲ್ಲಿ ಚಿನ್ನ ಗೆದ್ದರು, ಬೆನ್ನನ್ನು ಹಿಂದಕ್ಕೆ ಬಾಗಿಸಿ ತೇಲುವ ಇನಾ ಬಾವರ್ ಭಂಗಿ ಮನೆಮಾತಾಯಿತು. ಆ ವರ್ಷದ ಜನಪ್ರಿಯ ಪದಗಳಲ್ಲಿ ಅಗ್ರ ಪ್ರಶಸ್ತಿ ಪಡೆದ ಎರಡರಲ್ಲಿ ಅದೂ ಒಂದು. ಇನಾ ಬಾವರ್ ಜರ್ಮನಿಯ ಸ್ಕೇಟರ್. ಅದರಿಂದ ಜಪಾನಿ ಭಾಷೆಗೆ ಕುಂದು ಬರಲಿಲ್ಲ.

ಧಾರವಾಡದಿಂದ:

ಜಪಾನಿಗೆ ಬರಲಿಲ್ಲ, ಏಕೆಂದರೆ ಅಲ್ಲಿ ಮಗು ಜಪಾನಿಯಲ್ಲೇ ಓದಿ ಡಾಕ್ಟರ್ ಆಗುತ್ತದೆ. ಗಟ್ಟಿ ಇರುವ ಮನೆ ಸಾಲ ತಂದರೂ ತಡೆಯುತ್ತದೆ. ನಮ್ಮ ಮಕ್ಕಳು ಎಣಿಕೆಯನ್ನೇ ಕನ್ನಡದಲ್ಲಿ ಮರೆಯುತ್ತಿದ್ದಾರೆ. ಆಟದ ಮಾತೂ ಬಿಟ್ಟುಕೊಟ್ಟರೆ ಮುಂದೇನು? ನನ್ನ ಸಿಟ್ಟು ಆಕ್ಸೆಲ್ ಮೇಲೆ ಅಲ್ಲ.

ನಿವೃತ್ತ ಅಧ್ಯಾಪಕ, ಬೆಂಗಳೂರು:

ಆ ಆತಂಕ ನನ್ನದೂ ಹೌದು. ಆದರೆ ಮದ್ದು ಬೇರೆ. ಕ್ರಿಕೆಟ್ ನೋಡಿ. ರನ್‌ಗೆ ‘ಓಟ’ ಎಂದೆವು, ನಿಂತಿತು. ಬ್ಯಾಟ್ಸ್‌ಮನ್‌ಗೆ ‘ದಾಂಡಿಗ’ ಎಂದೆವು, ಇಂದಿಗೂ ಪತ್ರಿಕೆಯಲ್ಲಿದೆ. ವಿಕೆಟ್‌ಗೆ ‘ಹುದ್ದರಿ’ ಎಂದೆವು, ಜನರ ಬಾಯಿಗೆ ಹತ್ತಲಿಲ್ಲ. ಮೂರನ್ನೂ ಅಷ್ಟೇ ಶ್ರದ್ಧೆಯಿಂದ ಬಳಕೆಗೆ ತಂದಿದ್ದರು. ಓಟ ಉಳಿದದ್ದು ಅದು ಮೊದಲೇ ಬಾಯಲ್ಲಿದ್ದುದರಿಂದ. ಸುತ್ತು, ಅಂಚು, ಜಿಗಿತ, ಕಾಲೂರು – ಇವೂ ಬಾಯಲ್ಲಿರುವ ಮಾತುಗಳು. ನೀರ್ಗಲ್ಲು ಯಾರ ಬಾಯಲ್ಲಿದೆ?

ಧಾರವಾಡದಿಂದ:

ಬಳಸಿದರೆ ಬರುತ್ತದೆ. ಬರೆಯುವವರೇ ಅಂಜಿದರೆ ಎಂದಿಗೂ ಬರದು.

ಟೊರಾಂಟೊದಿಂದ:

ಅವರಿಗೆ ನಾಳೆ ಸಂಜೆಯೊಳಗೆ ಬೇಕು. ಜೂನಿಯರ್, ಸೀನಿಯರ್ ಹಾಗೇ ಬಿಡಿ. ಶಾಲೆಗೆ ಹೋಗುವ ಯಾವ ಮಗುವಿಗೂ ಗೊತ್ತು. ಜಪಾನಿನ ಕೂಟವನ್ನು ‘ರಾಷ್ಟ್ರೀಯ ಕೂಟ’ ಎಂದಷ್ಟೇ ಬರೆಯಿರಿ, ಗೊಂದಲ ಇರುವುದಿಲ್ಲ. ಮತ್ತೊಂದು ಕೇಳಿಕೆ: ಮಿದೊರಿ ಇತೊ ಹೆಸರನ್ನು ಬಿಡಬೇಡಿ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಟ್ರಿಪಲ್ ಆಕ್ಸೆಲ್ ಮಾಡಿದ ಮೊದಲ ಮಹಿಳೆ, 1988ರಲ್ಲಿ. ಮರುವರ್ಷ ಪ್ಯಾರಿಸ್‌ನಲ್ಲಿ ವಿಶ್ವ ಚಾಂಪಿಯನ್. ಏಷ್ಯಾದವರಿಗೆ ಆ ಪಟ್ಟ ಅದೇ ಮೊದಲು. ಇತೊ, ಅಸಾದಾ, ಶಿಮಾದಾ – ಈ ಮೂರೂವರೆ ಸುತ್ತು ಜಪಾನಿನ ಹೆಣ್ಣುಮಕ್ಕಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ.

ಅನುವಾದಕಿ, ಮೈಸೂರು:

ಕಳಿಸುವ ಮುಂಚೆ ಕೊನೆಯ ಸಲ ನೋಡಿ:

“ಮಂಜುಗಡ್ಡೆಯ ಮೇಲೆ ಫಿಗರ್ ಸ್ಕೇಟಿಂಗ್ ಮಾಡುವವರಿಗೆ ಆಕ್ಸೆಲ್ ಎಂದರೆ ಮುಖ ಮುಂದಾಗಿ ಹೊರಡುವ ಒಂದೇ ಜಿಗಿತ. ಮಾವೊ ಅದರಲ್ಲಿ ಮೂರೂವರೆ ಸುತ್ತು ತಿರುಗಿ ಒಂಟಿಗಾಲಲ್ಲಿ ಕಾಲೂರುತ್ತಾಳೆ. ಸೀನಿಯರ್ ವಿಭಾಗಕ್ಕೆ ಜುಲೈ 1ರಂದು ಹದಿನೇಳು ತುಂಬಬೇಕು ಎಂಬ ನಿಯಮದಿಂದ ಅವಳಿಗೆ ಮಿಲಾನ್ ಒಲಿಂಪಿಕ್ಸ್ ತಪ್ಪಿತು. 2026–27ರಿಂದ ಸೀನಿಯರ್ ವಿಭಾಗದ ಬಾಗಿಲು ಅವಳಿಗೆ ತೆರೆದಿದೆ.”

ಧಾರವಾಡದಿಂದ:

‘ಜುಲೈ 1ರಂದು ತುಂಬಬೇಕು’ ತಪ್ಪು. ಅದೇ ದಿನ ಹುಟ್ಟುಹಬ್ಬ ಇದ್ದವರಿಗೆ ಮಾತ್ರ ಎಂಬಂತಾಯಿತು. ‘ಜುಲೈ 1ಕ್ಕೆ ಹದಿನೇಳು ತುಂಬಿರಬೇಕು’ ಎಂದು ತಿದ್ದಿ. ‘ಒಂಟಿಗಾಲಲ್ಲಿ ಕಾಲೂರುತ್ತಾಳೆ’ ಎಂಬಲ್ಲಿ ಕಾಲು ಎರಡು ಸಲ ಬಂತು. ‘ಹಿಮ್ಮುಖವಾಗಿ ಒಂದೇ ಕಾಲೂರುತ್ತಾಳೆ’ ಅನ್ನಿ. ಉಳಿದದ್ದು ಹೋಗಲಿ ಅಚ್ಚಿಗೆ.