ಉರಿಯೂ ಇಲ್ಲದ, ಊತವೂ ಕಾಣದ ಕಡೆ ‘ಉರಿಯೂತ’ ಎನ್ನಬಹುದೇ?

ಕೊಡಗಿನ ಸೋಮವಾರಪೇಟೆ ಕಡೆಯ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಹಂಚಲು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಜಠರದ ಬ್ಯಾಕ್ಟೀರಿಯಾ ಕುರಿತ ಕರಪತ್ರವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಈ ವಾಕ್ಯವೊಂದು ತೊಡಕಾಗಿದೆ: ‘ಜಠರದ ದೀರ್ಘಕಾಲದ ಸೋಂಕಿನಿಂದ ದೇಹವ್ಯಾಪಿ ಉರಿಯೂತ ಉಂಟಾಗಬಹುದು.’ ಉರಿಯೂತವೆಂದರೆ ಸೋಂಕಿಗೋ ಗಾಯಕ್ಕೋ ದೇಹ ತೋರುವ ರಕ್ಷಣಾ ಪ್ರತಿಕ್ರಿಯೆ, ಇಂಗ್ಲಿಷಿನ ‘ಇನ್‌ಫ್ಲಮೇಶನ್’. ವಾಕ್ಯದ ವ್ಯಾಕರಣಕ್ಕೆ ಕುಂದಿಲ್ಲ. ಆದರೆ ಓದಿದವರೆಲ್ಲ ಬ್ಯಾಕ್ಟೀರಿಯಾವೇ ಮೈಯೆಲ್ಲ ಹರಡುತ್ತದೆ ಎಂದು ಅರ್ಥ ಮಾಡಿಕೊಳ್ಳುತ್ತಿದ್ದಾರೆ.

ವಾಸ್ತವ ಹಾಗಿಲ್ಲ. ಈ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು, ಹೊರಬಂದ ಅಮೋನಿಯಾದಿಂದ ತನ್ನ ಸುತ್ತಲಿನ ಆಮ್ಲವನ್ನು ತಗ್ಗಿಸಿಕೊಂಡು, ಜಠರದ ಲೋಳೆಯ ಪದರದಲ್ಲೇ ದಶಕಗಟ್ಟಲೆ ಉಳಿಯುತ್ತದೆ. ಅದನ್ನು ಎದುರಿಸಲು ಬಂದ ರಕ್ಷಣಾ ಕೋಶಗಳು ಸ್ರವಿಸುವ ಇಂಟರ್‌ಲ್ಯೂಕಿನ್‌ನಂಥ ಸಂಕೇತವಸ್ತುಗಳು ಮಾತ್ರ ರಕ್ತಕ್ಕೆ ಸೇರಬಲ್ಲವು. ಅವುಗಳ ಪ್ರಚೋದನೆಯಿಂದ ಯಕೃತ್ತು ಉರಿಯೂತದ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನನ್ನು ಹೆಚ್ಚಿಸಿದರೆ ಅದು ರಕ್ತಪರೀಕ್ಷೆಯಲ್ಲಿ ಕಾಣುತ್ತದೆ. ಎಂದರೆ ಸೋಂಕು ಇರುವುದು ಒಂದೆಡೆ, ಅದಕ್ಕೆ ದೇಹ ತೋರುವ ಪ್ರತಿಕ್ರಿಯೆಯ ಸುಳಿವು ಇನ್ನೊಂದೆಡೆ. ‘ದೇಹವ್ಯಾಪಿ’ ಎಂಬ ವಿಶೇಷಣ ಈ ಎರಡನ್ನೂ ಕಲಸಿಬಿಡುತ್ತದೆ.

‘ಉರಿಯೂತ’ ಪದದ ತೊಡಕು ಬೇರೆಯದು. ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಇದಕ್ಕೆ ಕೆಂಪು, ಊತ, ಬಿಸಿ, ನೋವು ಎಂದು ನಾಲ್ಕು ಲಕ್ಷಣಗಳನ್ನು ಹೇಳಿದ್ದ. ನಮ್ಮ ಪದ ಅವುಗಳಲ್ಲಿ ಎರಡನ್ನು ಹೆಣೆದುಕೊಂಡಿದೆ. ಮುಳ್ಳು ಚುಚ್ಚಿದ ಕಾಲಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಪೈಲೋರಿ ಸೋಂಕು ತಗುಲಿದ ಬಹುತೇಕ ಎಲ್ಲರ ಜಠರದಲ್ಲೂ ಸೂಕ್ಷ್ಮದರ್ಶಕಕ್ಕೆ ಕಾಣುವ ಉರಿಯೂತವಿರುತ್ತದೆ, ಆದರೆ ಅವರಲ್ಲಿ ಹೆಚ್ಚಿನವರಿಗೆ ಉರಿಯಾಗಲಿ ನೋವಾಗಲಿ ಇರುವುದಿಲ್ಲ. ‘ಜಠರದ ಉರಿಯೂತ’ ಎಂದೊಡನೆ ಜನ ಎದೆಯುರಿಯನ್ನು ನೆನೆಯುತ್ತಾರೆ, ‘ಓ, ಗ್ಯಾಸ್ಟ್ರಿಕ್’ ಎನ್ನುತ್ತಾರೆ, ಪಂದಿ ಕರಿಗೆ (ಹಂದಿಮಾಂಸದ ಸಾರಿಗೆ) ಹಾಕುವ ಕಾಚಂಪುಳಿ ಎಂಬ ಹುಳಿಯನ್ನೋ ಗಾಂಧಾರಿ ಮೆಣಸನ್ನೋ ದೂರುತ್ತಾರೆ. (ಅವರನ್ನು ನೋಡಿ ನಗುವಂತಿಲ್ಲ. ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸುವವರೆಗೂ ವೈದ್ಯಲೋಕವೇ ಜಠರದ ಹುಣ್ಣಿಗೆ ಆಮ್ಲವನ್ನೂ ಮನೋವ್ಯಥೆಯನ್ನೂ ಕಾರಣವಾಗಿ ಹೇಳುತ್ತಿತ್ತು. ಇಬ್ಬರಿಗೂ ನೊಬೆಲ್ ಬಂದದ್ದು 2005ರಲ್ಲಿ.)

ಬದಲಿ ಪದಗಳನ್ನೂ ತೂಗಿ ನೋಡಿದ್ದೇನೆ. ‘ಶೋಥ’ ಆಯುರ್ವೇದ ಬಲ್ಲವರಿಗೆ ಪರಿಚಿತ, ಆದರೆ ಅದೂ ಊತವನ್ನೇ ಹೇಳುತ್ತದೆ. ‘ಬಾವು’ ಕಣ್ಣಿಗೆ ಕಾಣುವಂಥದ್ದು. ‘ನಂಜು’ ಎಲ್ಲರಿಗೂ ತಿಳಿಯುತ್ತದೆ, ಗಾಯ ನಂಜಾಯಿತು ಎನ್ನುವುದು ದಿನನಿತ್ಯದ ಮಾತು. ಆದರೆ ವಿಷ ಎಂಬ ಅರ್ಥವೂ ಅದರ ಬೆನ್ನಿಗಿರುವುದರಿಂದ ರೋಗಿ ಅನಾವಶ್ಯಕವಾಗಿ ಹೆದರಿಯಾನು. ಬ್ಯಾಕ್ಟೀರಿಯಾಕ್ಕೆ ‘ಹುಳ’ ಎಂಬ ಸಲಹೆಯಂತೂ ಬೇಡವೇ ಬೇಡ. ಅದನ್ನು ಕೇಳಿದವರು ಜಂತುಹುಳದ ಮಾತ್ರೆ ನುಂಗಿ ಸುಮ್ಮನಾಗುತ್ತಾರೆ, ಆದರೆ ಇದಕ್ಕೆ ಬೇಕಿರುವುದು ವೈದ್ಯರು ಬರೆದುಕೊಡುವ, ಸಾಮಾನ್ಯವಾಗಿ ಎರಡು ವಾರ ತಪ್ಪದೆ ನುಂಗಬೇಕಾದ ಆ್ಯಂಟಿಬಯಾಟಿಕ್‌ಗಳು ಮತ್ತು ಆಮ್ಲ ತಗ್ಗಿಸುವ ಔಷಧ.

ನನ್ನ ಒಲವು ‘ಉರಿಯೂತ’ವನ್ನು ಬಿಡದೆ, ಮುಂದೆ ‘ಮಂದ’ ಎಂದು ಸೇರಿಸುವ ಕಡೆಗಿದೆ: ‘ಜಠರದಲ್ಲಿ ಸೋಂಕು ವರ್ಷಗಟ್ಟಲೆ ಉಳಿದರೆ, ಬೂದಿ ಮುಚ್ಚಿದ ಕೆಂಡದಂತೆ ಮಂದ ಉರಿಯೂತ ಅಲ್ಲಿ ಮುಂದುವರಿಯುತ್ತದೆ; ಕೆಲವರಲ್ಲಿ ಅದರ ಸುಳಿವು ರಕ್ತದಲ್ಲೂ ಸಿಗುತ್ತದೆ.’ ಹೃದ್ರೋಗದೊಂದಿಗಿನ ನಂಟು ಇನ್ನೂ ಇತ್ಯರ್ಥವಾಗದ ಕಾರಣ ಅದನ್ನು ಕೈಬಿಟ್ಟಿದ್ದೇನೆ. ಕಬ್ಬಿಣಾಂಶದ ಕೊರತೆಯ ರಕ್ತಹೀನತೆಯೊಂದಿಗಿನ ನಂಟು ಗಟ್ಟಿಯಾದದ್ದು, ಅದನ್ನು ಉಳಿಸಿಕೊಂಡಿದ್ದೇನೆ.

ಬಲ್ಲವರಲ್ಲಿ ಕೇಳುವುದು ಎರಡೇ. ‘ಮಂದ ಉರಿಯೂತ’ ಎಂಬಲ್ಲಿ ‘ಮಂದ’ವನ್ನು ಓದುಗರು ‘ಅಪಾಯವಿಲ್ಲದ್ದು’ ಎಂದು ತಿಳಿಯುವ ಸಂಭವವಿದೆಯೇ? ವಿರಾಜಪೇಟೆ, ಪೊನ್ನಂಪೇಟೆ ಕಡೆ ಕೊಡವ ತಕ್ಕ್ ಆಡುವವರಲ್ಲಿ, ಮಡಿಕೇರಿ ಸುತ್ತಿನ ಅರೆಭಾಷೆಯಲ್ಲಿ, ನೋವಿಲ್ಲದೆ ಒಳಗೊಳಗೇ ಬೆಳೆಯುವ ಕಾಯಿಲೆಗೆ ಬಳಕೆಯ ಮಾತು ಬೇರೆ ಏನಾದರೂ ಇದೆಯೇ?